ವಿರೋಧ ಸಮಿತಿಯ ಕುರ್ಚಿಗಳು

ಡೊಂಬಿವಲಿಯಲ್ಲಿ ಮನೆ ಮಾಡಿದವನು ನಗುವುದಕ್ಕೆ ಕಾರಣ ಹುಡುಕಿಕೊಂಡು ಹೊರಗೆ ಹೋಗಬೇಕಾಗಿಲ್ಲ. ಅದು ತಾನಾಗಿ ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿಯುತ್ತದೆ. ಕೆಲವು ಸಲ ಕೂರುವುದಕ್ಕೆ ತನ್ನ ಕುರ್ಚಿಯನ್ನೂ ತಾನೇ ಹೊತ್ತು ತರುತ್ತದೆ.

ನಾನೀಗ ನಿವೃತ್ತ. ಹೇಳುವುದಕ್ಕೆ ಬೇಕಾದಷ್ಟಿದೆ, ಕೇಳುವವರು ಸಿಕ್ಕರೆ ಸುಮ್ಮನೆ ಬಿಡುವ ಪೈಕಿಯವನಲ್ಲ. ಧಾರವಾಡದ ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದಾಗ ಹತ್ತಿದ ಚಟ ಇದು; ತರ್ಕ ಮರೆತುಹೋಗಿದೆ, ಚಟ ಉಳಿದಿದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ, ನಮ್ಮೆದುರಿನ ಬಯಲಿನಲ್ಲಿ ಮನೆಗಳು ಏಳಬಾರದೆಂದು ನಾವೆಲ್ಲ ಸೇರಿ ಒಂದು ಮಹಾಯುದ್ಧ ಮಾಡಿದೆವು. ಅದರ ಕೆಲವು ಪ್ರಸಂಗಗಳು ಇವು. ಯಾರ ಹೆಸರನ್ನೂ ಹೇಳುವುದಿಲ್ಲ. ಕೆಲವರು ಇನ್ನೂ ಎದುರಿಗೇ ಇದ್ದಾರೆ.

ಖಾಲಿ ಮನೆಯ ಕಾರ್ಯದರ್ಶಿ

ನಮ್ಮದು ಸ್ಟೇಷನ್ನಿನಿಂದ ಪೂರ್ವಕ್ಕೆ ನಡೆದು ಸುಸ್ತಾಗುವ ಹೊತ್ತಿಗೆ ಸಿಗುತ್ತಿದ್ದ ಎರಡು ಮಾಳಿಗೆಯ ಬಿಲ್ಡಿಂಗು. ಎದುರಿಗೆ ದೊಡ್ಡ ಬಯಲು, ಅದರಾಚೆ ದೂರದಲ್ಲಿ ಮಲಂಗಗಡದ ಬೆಟ್ಟ. ನಾನು ಮೇಲಿನ ಮಾಳಿಗೆಯ ಮೂಲೆಯ ಮನೆಯಲ್ಲಿ ಒಬ್ಬನೇ ಇದ್ದೆ. ಮದುವೆ ಆಗಲಿಲ್ಲ. ಯಾಕೆಂದು ಕೇಳಬೇಡಿ, ಅದರಲ್ಲಿ ಹಾಸ್ಯವೇನೂ ಇಲ್ಲ. ಮುಂಬಯಿ ಫೋರ್ಟಿನ ಕಚೇರಿಯಿಂದ ಲೋಕಲ್ ರೈಲಿನಲ್ಲಿ ಊರಿನವರೆಲ್ಲರ ಮೊಣಕೈಯಿಂದ ತಿವಿಸಿಕೊಂಡು ಬಂದು ಬೀಗ ತೆಗೆದರೆ ಒಳಗೆ ಒಂದು ಮಂಚ, ಒಂದು ಸ್ಟೋವು, ಒಂದು ಕುರ್ಚಿ. ಬಾಗಿಲಿನ ಸದ್ದಿಗೆ ಒಳಗಿನಿಂದ ‘ಯಾರು?’ ಎಂದು ಕೇಳುವವರಿಲ್ಲ. ಆದರೂ ಒಮ್ಮೊಮ್ಮೆ ‘ನಾನೇ’ ಎಂದು ಹೇಳಿಯೇ ಒಳಗೆ ಹೋಗುತ್ತಿದ್ದೆ.

ಹೀಗಿರುವಾಗ ಒಂದು ದಿನ ಬಯಲಿನಲ್ಲಿ ಬೋರ್ಡು ನಿಂತಿತು. ಮೂರು ಬಿಲ್ಡಿಂಗು, ಒಂದೊಂದಕ್ಕೂ ನಾಲ್ಕು ಮಾಳಿಗೆ, ಎಲ್ಲವೂ ಒಂದು ಕೋಣೆ, ಒಂದು ಅಡಿಗೆಮನೆಯ ಸಣ್ಣ ಸಣ್ಣ ಫ್ಲ್ಯಾಟು. ಬೋರ್ಡಿನ ಚಿತ್ರದಲ್ಲಿ ಕಾರಿತ್ತು, ಬಣ್ಣದ ಕೊಡೆ ಹಿಡಿದ ಹೆಂಗಸಿದ್ದಳು, ನಟ್ಟನಡುವೆ ಒಂದು ಕಾರಂಜಿ ಇತ್ತು. ನಲ್ಲಿಯಲ್ಲಿ ನೀರು ಬಾರದ ಊರಿನಲ್ಲಿ ಕಾರಂಜಿ!

ಬಿಲ್ಡಿಂಗಿನವರೆಲ್ಲ ಮೆಟ್ಟಿಲ ಮೇಲೆ ಸೇರಿದರು. ಮೊದಲ ಮಾಳಿಗೆಯ ಮರಾಠಿ ಮಾಸ್ತರರು, ದಾದರಿನ ಶಾಲೆಯಲ್ಲಿ ಗಣಿತ ಹೇಳಿಕೊಡುವವರು, ಎದ್ದು ನಿಂತರು. “ಇರುವ ನೀರನ್ನೇ ಭಾಗಾಕಾರ ಮಾಡಿ ಕುಡಿಯುತ್ತಿದ್ದೇವೆ. ಇನ್ನು ಭಾಜಕ ಹೆಚ್ಚಾದರೆ ಭಾಗಲಬ್ಧ ಸೊನ್ನೆ!” ಯಾರಿಗೂ ಅರ್ಥವಾಗಲಿಲ್ಲ, ಹಾಗಾಗಿ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು.

ಸಭೆ ಸೇರುವುದೆಲ್ಲಿ? ಒಬ್ಬರ ಮನೆಯಲ್ಲಿ ಮಗಳು ಮೆಟ್ರಿಕ್ಕಿಗೆ ಓದುತ್ತಾಳೆ. ಇನ್ನೊಬ್ಬರಲ್ಲಿ ಅತ್ತೆ ನಡುಮನೆಯಲ್ಲೇ ಮಲಗುತ್ತಾರೆ. ಆಗ ಸ್ಟೇಷನ್ ರಸ್ತೆಯಲ್ಲಿ ಹೋಟೆಲಿಟ್ಟಿದ್ದ ನಮ್ಮ ಉಡುಪಿ ಕಡೆಯ ಧಣಿ ನನ್ನ ಕಡೆ ತಿರುಗಿದರು. “ಇವರ ಮನೆ ಉಂಟಲ್ಲ ಮಾರಾಯ್ರೇ! ಬೈಲಿಕ್ಕೆ ಹೆಂಗಸರಿಲ್ಲ, ಅಳ್ಲಿಕ್ಕೆ ಮಕ್ಕಳಿಲ್ಲ. ಮೀಟಿಂಗಿಗೆ ಅಂತಲೇ ದೇವರು ಮಾಡಿಟ್ಟ ಮನೆ!”

ಆ ಒಂದೇ ಅರ್ಹತೆಯ ಮೇಲೆ ನಾನು ಕಾರ್ಯದರ್ಶಿಯಾದೆ.

ಮೊದಲ ಭಾನುವಾರ ಎಲ್ಲರೂ ಬಂದು ನೋಡಿದರೆ ಕುರ್ಚಿ ಒಂದೇ. ಮುಂದಿನ ಭಾನುವಾರ ಒಬ್ಬೊಬ್ಬರೂ ತಮ್ಮ ತಮ್ಮ ಮನೆಯಿಂದ ಹೊತ್ತು ತಂದರು. ಮಡಚುವ ಕಬ್ಬಿಣದ ಕುರ್ಚಿಗಳು, ಮಾಸ್ತರರ ಬೆತ್ತದ ಕೈಕುರ್ಚಿ, ಧಣಿಗಳ ಹೋಟೆಲಿನ ಹಳೆಯ ಬೆಂಚು, ಕೆಳಗಿನ ಮನೆಯಲ್ಲಿದ್ದ, ನಾವೆಲ್ಲ ಕಾಕು ಎಂದು ಕರೆಯುತ್ತಿದ್ದ ಅಜ್ಜಿಯ ಮರದ ಮಣೆ. ವಾರವಾರವೂ ಹೊತ್ತು ಇಳಿಸುವವರು ಯಾರು? ಹೋರಾಟ ಮುಗಿಯುವವರೆಗೆ ಇಲ್ಲೇ ಇರಲಿ ಎಂದರು. ಮರುದಿನ ಸಂಜೆ ಬೀಗ ತೆಗೆದಾಗ, ಸುತ್ತಲೂ ಕೂತ ಕುರ್ಚಿಗಳು ನನ್ನನ್ನೇ ಕಾಯುತ್ತಿದ್ದಂತೆ ಕಂಡವು. ಆ ದಿನ ‘ನಾನೇ’ ಎನ್ನಲು ಸ್ವಲ್ಪ ಧೈರ್ಯ ಬಂತು.

ಆಗಲೇ ನನಗೆ ಹೊಳೆದದ್ದು: ನಾವು ಗೆದ್ದರೂ ಕುರ್ಚಿಗಳು ಹೋಗುತ್ತವೆ, ಸೋತರೂ ಹೋಗುತ್ತವೆ. ಜಗಳ ನಡೆಯುತ್ತಿರುವವರೆಗೆ ಮಾತ್ರ ನನ್ನ ಮನೆ ತುಂಬಿರುತ್ತದೆ.

ಮುಂದಿನ ಸಭೆಯ ಕೊನೆಗೆ ಅಧ್ಯಕ್ಷರು ನನ್ನ ಬೆನ್ನು ತಟ್ಟಿ, “ಹೆದರಬೇಡಿ, ಇದೆಲ್ಲ ಬೇಗ ಮುಗಿದುಹೋಗುತ್ತದೆ” ಎಂದರು.

ನಾನು ಹೆದರಿದ್ದು ಆಗಲೇ.

ಭಾನುವಾರದ ಮೋರ್ಚಾ

ಕಲ್ಯಾಣದ ನಗರಪಾಲಿಕೆ ಕಚೇರಿಗೆ ಮೋರ್ಚಾ ಒಯ್ಯಬೇಕೆಂದು ತೀರ್ಮಾನವಾಯಿತು. ಯಾವ ದಿನ? ಸೋಮವಾರ ಒಬ್ಬರಿಗೆ ಆಫೀಸಿನಲ್ಲಿ ಇನ್‌ಸ್ಪೆಕ್ಷನ್, ಮಂಗಳವಾರ ಇನ್ನೊಬ್ಬರಿಗೆ ರಜೆ ಇಲ್ಲ, ಬುಧವಾರ ಮಾಸ್ತರರಿಗೆ ಪರೀಕ್ಷೆ. ಲೋಕಲಿನಲ್ಲಿ ಬದುಕು ಸವೆಸುವವರಿಗೆ ಬಿಡುವಿರುವುದು ಒಂದೇ ದಿನ. ಎಲ್ಲರೂ ಒಕ್ಕೊರಲಿನಿಂದ ಭಾನುವಾರ ಎಂದರು.

ಹೋದೆವು. ಎಂಥ ಮೋರ್ಚಾ! ಹೆಂಗಸರು ಖಾಲಿ ಕೊಡ ಬಡಿಯುತ್ತಿದ್ದರು. ಧಣಿಗಳು ಒಂದು ದೊಡ್ಡ ಡಬ್ಬಿ ಇಡ್ಲಿ ತಂದಿದ್ದರು. ಗಂಟಲು ಹರಿಯುವಂತೆ ಘೋಷಣೆ ಕೂಗುತ್ತ ಕಲ್ಯಾಣದ ಪೇಟೆ ದಾಟಿ ಕಚೇರಿಗೆ ಬಂದರೆ, ಗೇಟಿಗೆ ನಮ್ಮ ಮನೆಯದಕ್ಕಿಂತ ದೊಡ್ಡ ಬೀಗ.

ಒಳಗಿನಿಂದ ವಾಚ್‌ಮನ್ ಬನಿಯನ್ನಿನಲ್ಲೇ ಎದ್ದು ಬಂದ. ಅಷ್ಟು ದೂರ ನಡೆದು ಬಂದ ಮೇಲೆ ಭಾಷಣ ಮಾಡದೆ ಹೋಗುವುದು ಹೇಗೆ? ಅಧ್ಯಕ್ಷರು ಅವನಿಗೇ ಪೂರ್ತಿ ಭಾಷಣ ಮಾಡಿದರು. ಗಾಳಿ, ಬೆಳಕು, ನೀರು, ಭಾಜಕ, ಭಾಗಲಬ್ಧ. ಪಾಪ, ಅವನು ಗೇಟಿನ ಸರಳು ಹಿಡಿದು ಕೊನೆಯವರೆಗೂ ಕೇಳಿದ. ಧಣಿಗಳು ಸರಳಿನ ಸಂದಿನಲ್ಲಿ ಅವನಿಗೆ ಇಡ್ಲಿ ಕೊಟ್ಟರು. ಅವನು ನಮಗೆಲ್ಲ ನೀರು ಕೊಟ್ಟ.

“ನೀವು ಹೇಳುವುದೆಲ್ಲ ನ್ಯಾಯ ಸಾಹೇಬ. ಸೋಮವಾರ ಬನ್ನಿ” ಎಂದ.

“ಸೋಮವಾರ ಹೇಗೆ ಬರುವುದು? ನಮಗೆ ಆಫೀಸಿರುತ್ತದೆ!” ಎಂದರು ಅಧ್ಯಕ್ಷರು.

“ಇಲ್ಲಿಯವರಿಗೂ ಆಫೀಸು ಸೋಮವಾರವೇ ಇರುವುದು ಸಾಹೇಬ” ಎಂದ ವಾಚ್‌ಮನ್.

ಕಾಕುವಿನ ಹಪ್ಪಳ

ಕೆಳಗಿನ ಮನೆಯ ಕಾಕು ಕೊಂಕಣದ ಕಡೆಯವರು. ನಮ್ಮ ಭಾಷಣ, ಮೋರ್ಚಾ ಯಾವುದರಲ್ಲೂ ಅವರಿಗೆ ನಂಬಿಕೆಯಿರಲಿಲ್ಲ. ಬಯಲು ಉಳಿಯಬೇಕು ಎಂಬುದಕ್ಕೆ ಅವರ ಕಾರಣ ಒಂದೇ: ಹಪ್ಪಳ ಒಣಗಬೇಕು.

ಬಿಸಿಲು ಜೋರಾದ ಒಂದು ದಿನ ಬಿಲ್ಡರನ ಕಡೆಯ ಸರ್ವೇಯವರು ಹಗ್ಗ, ಗೂಟ, ಸುಣ್ಣದ ಪುಡಿ ಹಿಡಿದುಕೊಂಡು ಬಂದರು. ನೋಡಿದರೆ ಬಯಲಿನ ತುಂಬ ಹಳೆಯ ಸೀರೆಗಳು, ಸೀರೆಗಳ ತುಂಬ ಹಪ್ಪಳ. ಕಾಲಿಡಲು ಜಾಗವಿಲ್ಲ. ಕಾಕು ಇಡೀ ಓಣಿಯ ಹೆಂಗಸರಿಂದ ಹಪ್ಪಳ ಮಾಡಿಸಿದ್ದರು.

“ಆಜಿ, ಸ್ವಲ್ಪ ತೆಗೀರಿ, ಗೆರೆ ಹಾಕಬೇಕು.”

“ತೆಗೆಯೋಣ. ಒಣಗಲಿ” ಎಂದರು ಕಾಕು. “ಅಲ್ಲಿಯವರೆಗೆ ಸುಮ್ಮನೆ ನಿಂತು ಏನು ಮಾಡುತ್ತೀಯ? ತಗೋ ಈ ಕೋಲು, ಕಾಗೆ ಓಡಿಸು.”

ಅಜ್ಜಿಯ ಮಾತು ಮೀರುವುದು ಹೇಗೆ? ಸರ್ವೇಯವರು ಸರದಿಯ ಮೇಲೆ ಕಾಗೆ ಓಡಿಸಿದರು. ಮರುದಿನ ಸಂಡಿಗೆ, ಅದರ ಮರುದಿನ ಮೆಣಸಿನಕಾಯಿ. ಕೊನೆಗೆ ಕೆಲಸ ಯಾಕೆ ನಿಂತಿದೆಯೆಂದು ನೋಡಲು ಸ್ವತಃ ಬಿಲ್ಡರ್ ಫಿಯೆಟ್ ಕಾರಿನಲ್ಲಿ ಬಂದ. ಸಫಾರಿ ಸೂಟು, ಕಪ್ಪು ಕನ್ನಡಕ. ಕಾಕುವಿನ ಎದುರು ಬಂದು ಬಾಯಿ ತೆರೆಯುವಷ್ಟರಲ್ಲಿ ಕಾಕು ಅವನ ಕೈಗೂ ಕೋಲು ಕೊಟ್ಟು, “ನನಗೆ ಸೊಂಟ ನೋವು ಮಗಾ, ಚಹಾ ಕುಡಿದು ಬರುತ್ತೇನೆ, ಇಲ್ಲೇ ನಿಂತಿರು” ಎಂದು ಒಳಗೆ ನಡೆದರು.

ನಾವೆಲ್ಲ ಕಿಟಕಿಗಳಿಂದ ನೋಡುತ್ತಿದ್ದೆವು. ಕಾಗೆಗಳಿಗೆ ಸಫಾರಿ ಸೂಟಿನ ಪರಿಚಯವಿರಲಿಲ್ಲ. ಒಂದೂ ಹತ್ತಿರ ಸುಳಿಯಲಿಲ್ಲ. ಕಾಕು ನಿಧಾನವಾಗಿ ಚಹಾ ಮುಗಿಸಿ ಬಂದು, ಹಪ್ಪಳಗಳನ್ನೆಲ್ಲ ಕಣ್ಣಿನಲ್ಲೇ ಎಣಿಸಿ, ಸರ್ವೇಯವರ ಕಡೆ ತಿರುಗಿ ಹೇಳಿದರು:

“ನೋಡಿ ಕಲಿಯಿರಿ. ಹೊಸದಾಗಿ ಸೇರಿದವನು, ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಾನೆ!”

ಠಾಣೆಯಲ್ಲಿ ಹತ್ತಿದವರು

ವಾರದ ದಿನಗಳಲ್ಲಿ ಸಮಿತಿಯ ಕಲಾಪ ನಡೆಯುತ್ತಿದ್ದದ್ದು ಬೆಳಗಿನ ಲೋಕಲಿನಲ್ಲಿ. ನಮ್ಮ ಗುಂಪಿನ ಜಾಗ ಖಾಯಂ. ನಾಲ್ವರ ಮೊಣಕಾಲ ಮೇಲೆ ಒಂದು ಬ್ರೀಫ್‌ಕೇಸ್ ಇಟ್ಟರೆ ಅದೇ ಇಸ್ಪೀಟಿನ ಮೇಜು. ಎಲೆ ಹಾಕುತ್ತಲೇ ಬಿಲ್ಡರನನ್ನು ಬೈಯುವುದು ನಮ್ಮ ಪದ್ಧತಿ.

ಒಂದು ದಿನ ದಾರಿಯ ಠಾಣೆ ಸ್ಟೇಷನ್ನಿನಿಂದ ಗಾಡಿ ಹೊರಟ ಮೇಲೆ ಒಬ್ಬರು ಓಡಿ ಬಂದು ಬಾಗಿಲ ಕಂಬಕ್ಕೆ ಜೋತುಬಿದ್ದರು. ಒಂದು ಕೈಯಲ್ಲಿ ಕಂಬ, ಇನ್ನೊಂದರಲ್ಲಿ ಉದ್ದನೆಯ ಕಾಗದದ ಸುರುಳಿ. “ಜಾಗ ಇಲ್ಲ, ಜಾಗ ಇಲ್ಲ!” ಎಂದು ಒಳಗಿನವರೆಲ್ಲ ಕೂಗಿದೆವು. ಕೂಗುತ್ತಲೇ ನಮ್ಮ ಅಧ್ಯಕ್ಷರು ಅವರ ಕಾಲರು ಹಿಡಿದು ಒಳಗೆಳೆದರು. ಲೋಕಲಿನ ಧರ್ಮವೇ ಹಾಗೆ: ಬಾಯಿ ಬೇಡವೆನ್ನುತ್ತದೆ, ಕೈ ಎಳೆದುಕೊಳ್ಳುತ್ತದೆ.

ಉಸಿರು ತಿರುಗಿದ ಮೇಲೆ ಅಧ್ಯಕ್ಷರು ಕೇಳಿದರು, “ಜೀವಕ್ಕಿಂತ ಹೆಚ್ಚಾಯಿತೇ ಆ ಸುರುಳಿ? ಏನದು?”

“ಡೊಂಬಿವಲಿಯಲ್ಲಿ ಮೂರು ಬಿಲ್ಡಿಂಗು ಏಳುತ್ತಿವೆ, ಅದರ ನಕ್ಷೆ. ನಾನೇ ಆರ್ಕಿಟೆಕ್ಟ್. ಅಲ್ಲಿ ಯಾರೋ ತಲೆಕೆಟ್ಟವರು ವಿರೋಧ ಮಾಡುತ್ತಿದ್ದಾರೆ.”

ಇಸ್ಪೀಟು ನಿಂತಿತು. ಅಧ್ಯಕ್ಷರು ಮೀಸೆ ಸವರಿಕೊಂಡು, “ಬಿಡಿಸಿ ನೋಡೋಣ” ಎಂದರು. ತಪ್ಪು ಹುಡುಕುವುದಕ್ಕೆಂದೇ. ಎಲೆಗಳನ್ನು ಸರಿಸಿ ನಕ್ಷೆಯನ್ನು ಬ್ರೀಫ್‌ಕೇಸಿನ ಮೇಲೆ ಹರಡಿದರು. ಮುಲುಂಡಿನವರೆಗೆ ನಮ್ಮವರು ಸಂಡಾಸು ಚಿಕ್ಕದೆಂದು ಜಗಳವಾಡಿದರು. ಭಾಂಡುಪಿಗೆ ಬರುವಾಗ “ಅಡಿಗೆಮನೆಗೆ ಕಿಟಕಿ ಇದೆಯಲ್ಲ!” ಎಂದರು ಒಬ್ಬರು. ಘಾಟ್ಕೋಪರಿನಲ್ಲಿ “ಮನೆಯೊಳಗೇ ನಲ್ಲಿಯೇ?” ಎಂದರು ಇನ್ನೊಬ್ಬರು. ನಮ್ಮ ಬಿಲ್ಡಿಂಗಿನಲ್ಲಿ ಮಾಳಿಗೆಗೊಂದೇ ನಲ್ಲಿ.

ಕುರ್ಲಾ ಬಂದಾಗ ಅಧ್ಯಕ್ಷರು ಕನ್ನಡಕ ಒರೆಸಿಕೊಂಡು ಆರ್ಕಿಟೆಕ್ಟರನ್ನು ಮೆಲ್ಲಗೆ ಕೇಳಿದರು:

“ಸುಮ್ಮನೆ ಮಾಹಿತಿಗಾಗಿ ಕೇಳುತ್ತೇನೆ. ಈ ಮೂರನೇ ಮಾಳಿಗೆಯ ಮೂಲೆಯದು ಯಾರಾದರೂ ಹಿಡಿದಿದ್ದಾರೆಯೇ?”

ಕಾರ್ಯದರ್ಶಿ ಕೆಲಸ ನಿಲ್ಲಿಸಿದ್ದು

ಅಷ್ಟಾದರೂ ವಿರೋಧ ಬಿಟ್ಟೆವೆಂದಲ್ಲ. ಅಡಿಪಾಯ ತೋಡಲು ಶುರುವಾದ ಶನಿವಾರ, ಅರ್ಧ ದಿನದ ಆಫೀಸು ಮುಗಿಸಿ ಬಂದ ನನ್ನನ್ನು ಸಮಿತಿ ತಕ್ಷಣ ಕಳಿಸಿತು: “ಹೋಗಿ ಕೆಲಸ ನಿಲ್ಲಿಸಿ.” ನನಗೆ ಹೆಂಡತಿ ಮಕ್ಕಳಿಲ್ಲವಲ್ಲ, ಪೆಟ್ಟು ಬಿದ್ದರೆ ಅಳುವವರಿಲ್ಲ ಎಂಬ ಲೆಕ್ಕಾಚಾರ.

ಗುಂಡಿಯ ಅಂಚಿನಲ್ಲಿ ನಿಂತು, ನನಗೆ ಬರುವ ಹಿಂದಿಯಲ್ಲಿ ಗುಡುಗಿದೆ: “ಏ! ಕಾಮ್ ಬಂದ್ ಕರೋ!”

ಕೆಳಗಿನಿಂದ ಒಂದು ದನಿ ಬಂತು. “ಯಾಂವಲೇ ಅಂವ, ಒದರ್ಲಿಕತ್ತಾನ?”

ನನ್ನ ಗುಡುಗು ಅಲ್ಲೇ ನಿಂತಿತು. ನಾನು ಗದಗ ಕಡೆಯವನು. ಡೊಂಬಿವಲಿಯಲ್ಲಿ ಕನ್ನಡವಿರಲಿಲ್ಲವೆಂದಲ್ಲ, ಧಣಿಗಳ ಕನ್ನಡವಿತ್ತು, ಅದು ಇಸ್ತ್ರಿ ಮಾಡಿದ ಕನ್ನಡ. ಆದರೆ ನಮ್ಮವ್ವ ಬೈಯುತ್ತಿದ್ದ ಈ ಕನ್ನಡ ಕೇಳಿ ವರ್ಷಗಳೇ ಆಗಿದ್ದವು. “ನಾ ಒದರಾಕತ್ತೀನೋ ಯಪ್ಪಾ” ಎಂದೆ.

ಗುಂಡಿಯಲ್ಲಿ ಹಾರೆ, ಗುದ್ದಲಿ ಎಲ್ಲ ನಿಂತವು. ವಿಜಾಪುರ ಕಡೆಯ ಮುಕಾದಮ, ಆಳುಗಳ ಮೇಲ್ವಿಚಾರಣೆಯವನು, ತಲೆಯ ಪಟಕ ಸರಿಮಾಡಿಕೊಳ್ಳುತ್ತ ಹತ್ತಿ ಬಂದ. “ಏನ್ರೀ ಸಾಹೇಬ್ರ! ನಮ್ ಕಡೀಯವ್ರನ? ಮೊದಲ ಹೇಳಬಾರ್ದೇನ್ರಿ? ಬರ್ರಿ, ಕುಂದರ್ರಿ. ಏ, ಸಾಹೇಬ್ರಿಗೆ ರೊಟ್ಟಿ ತರ್ರಿ!”

ಸಿಮೆಂಟು ಚೀಲದ ಮೇಲೆ ಕೂರಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ಕೊಟ್ಟರು. ಎಲ್ಲರೂ ಸುತ್ತ ಕೂತು ಯಾವೂರು, ಯಾರ ಪೈಕಿ, ಮಳೆ ಆಗಿದೆಯೇ ಎಂದೆಲ್ಲ ವಿಚಾರಿಸಿದರು. ಬಂದ ಕಾರಣವನ್ನೂ ಹೇಳಿದೆ. ಮುಕಾದಮ ಗಂಭೀರವಾಗಿ ತಲೆದೂಗಿದ.

“ನೀವು ವಿರೋಧ ಮಾಡಾಕ ಬೇಕ್ರಿ. ದೊಡ್ಡ ಮಂದಿ ಸುಮ್ನ ಕುಂತ್ರ ಹೆಂಗ? ವಾರಾ ವಾರಾ ಬಂದು ವಿರೋಧ ಮಾಡ್ರಿ. ನಮಗೂ ಬ್ಯಾಸರ ಕಳೀತದ.”

ಮೇಲೆ ಕಿಟಕಿಯಲ್ಲಿದ್ದವರಿಗೆ ಕಂಡದ್ದಿಷ್ಟೇ: ಕಾರ್ಯದರ್ಶಿ ಹೋದರು, ಒಂದು ಕೂಗು ಹಾಕಿದರು, ಕೆಲಸ ನಿಂತಿತು. ಪ್ರತಿ ಶನಿವಾರವೂ ಹೀಗೇ ಆಯಿತು. ಸಮಿತಿ ನನ್ನ ಧೈರ್ಯವನ್ನು ಮೆಚ್ಚಿ ಗೊತ್ತುವಳಿ ಪಾಸು ಮಾಡಿತು.

“ಅಷ್ಟು ಜನರ ನಡುವೆ ಒಬ್ಬರೇ ಹೋಗುತ್ತೀರಲ್ಲ, ಅವರು ಏನೂ ಮಾಡುವುದಿಲ್ಲವೇ?” ಎಂದು ಅಧ್ಯಕ್ಷರು ಕೇಳಿದರು.

“ಮಾಡುತ್ತಾರೆ. ಇವತ್ತು ಊಟಕ್ಕೆ ಝುಣಕ ಮಾಡಿದ್ದರು” ಎಂದು ಹೇಳಿಯೇಬಿಡುವವನಿದ್ದೆ, ನಾಲಿಗೆ ಕಚ್ಚಿಕೊಂಡೆ.

ನೆಂಟರು ಬರುತ್ತಾರೆ

ಗೋಡೆಗಳು ಎದ್ದಂತೆ ನಮ್ಮ ಸಭೆಗಳು ಕುಳಿತವು. ಮೊದಲು ಒಬ್ಬರು ಬಂದು, “ಊರಿನಿಂದ ನೆಂಟರು ಬರುತ್ತಾರೆ” ಎಂದು ಹೇಳಿ ಮಡಚುವ ಕುರ್ಚಿ ಒಯ್ದರು. ಮರುವಾರ ಇನ್ನೊಬ್ಬರಿಗೂ ನೆಂಟರು. ಧಣಿಗಳ ಬೆಂಚಿಗೂ ನೆಂಟರು. ಆ ತಿಂಗಳು ಡೊಂಬಿವಲಿಗೆ ಬಂದಷ್ಟು ನೆಂಟರು ಯಾವ ಜಾತ್ರೆಗೂ ಬಂದಿರಲಾರರು. ನಮ್ಮ ಮೆಟ್ಟಿಲನ್ನು ಮಾತ್ರ ಒಬ್ಬ ನೆಂಟನೂ ಹತ್ತಿದ್ದು ಕಾಣಲಿಲ್ಲ. ಕಾಕು ಒಬ್ಬರೇ ಸುಳ್ಳು ಹೇಳದವರು. ಮಣೆಯನ್ನು ಕಂಕುಳಲ್ಲಿ ಇರುಕಿಕೊಂಡು, “ಅಲ್ಲಿ ಎದುರಿಗೆ, ಬಿಲ್ಡಿಂಗಿನ ತಲೆಯ ಮೇಲೆ ದೊಡ್ಡ ಗಚ್ಚಿ ಇದೆಯಂತೆ, ಬಿಸಿಲು ಇಳಿಯುವುದೇ ಇಲ್ಲವಂತೆ” ಎಂದು ಹೇಳಿಯೇ ಹೋದರು.

ಕೊನೆಯ ಸಭೆಗೆ ಬಂದವರು ಅಧ್ಯಕ್ಷರೊಬ್ಬರೇ. ಆದರೂ ಕ್ರಮ ತಪ್ಪಿಸಲಿಲ್ಲ. “ಈ ಕಟ್ಟಡಗಳನ್ನು ಕೊನೆಯ ಉಸಿರಿನವರೆಗೆ ವಿರೋಧಿಸಲಾಗುವುದು” ಎಂಬ ಗೊತ್ತುವಳಿಯನ್ನು ಅವರು ಮಂಡಿಸಿದರು, ನಾನು ಅನುಮೋದಿಸಿದೆ, ಇಬ್ಬರೂ ಕೈ ಎತ್ತಿದೆವು. ಆಮೇಲೆ ವಂದನಾರ್ಪಣೆ. ಆಮೇಲೆ ಅವರು ಎದ್ದು ನಿಂತು, ತಾವು ಕೂತಿದ್ದ ಬೆತ್ತದ ಕುರ್ಚಿಯನ್ನು ಮೆಲ್ಲಗೆ ತಲೆಯ ಮೇಲೆ ಇಟ್ಟುಕೊಂಡರು.

“ನಿಮಗೂ ನೆಂಟರೇ ಮಾಸ್ತರ್?”

“ಇಲ್ಲ” ಎಂದರು ಕುರ್ಚಿಯ ಕೆಳಗಿನಿಂದ. “ಗೃಹಪ್ರವೇಶ.”

ಎಲ್ಲರೂ ಎದುರಿಗೆ ಹೋದರು. ನನ್ನನ್ನೂ ಕರೆದಿದ್ದರು. ಒಬ್ಬನಿಗೆ ಮನೆಯೊಳಗೆ ನಲ್ಲಿ ಯಾಕೆ ಎಂದು ನಾನೇ ಹೋಗಲಿಲ್ಲ. ಮುಕಾದಮನ ಮಂದಿಯೂ ಕೆಲಸ ಮುಗಿಸಿ ಅಂಬರನಾಥದ ಕಡೆ ಹೊರಟುಹೋದರು. ನನ್ನ ನೆಲದ ಮೇಲೆ ಬೆಂಚಿನ ಕಾಲು ಎಳೆದ ಗೀರುಗಳು ಉಳಿದವು. ಮುಂದಿನ ಭಾನುವಾರ ರೂಢಿಯಂತೆ ಎಲ್ಲರಿಗೂ ಆಗುವಷ್ಟು ಚಹಾ ಇಟ್ಟುಬಿಟ್ಟೆ. ಕುಡಿಯಲಾಗುವಷ್ಟು ಕುಡಿದೆ. ಸಂಜೆ ಕಿಟಕಿಯಲ್ಲಿ ಕೂತರೆ ಬೆಟ್ಟ ಕಾಣುತ್ತಿರಲಿಲ್ಲ. ಎದುರಿನ ಅಷ್ಟೂ ಮನೆಗಳ ದೀಪ ಕಾಣುತ್ತಿತ್ತು. ಮೂರನೇ ಮಾಳಿಗೆಯ ಮೂಲೆಯಲ್ಲಿ ಬೆತ್ತದ ಕುರ್ಚಿ. ಮಾಸ್ತರರು ಅದರಲ್ಲಿ ಕೂತು ನನಗೆ ಕೈ ಬೀಸುತ್ತಿದ್ದರು. ನಾನೂ ಬೀಸುತ್ತಿದ್ದೆ. ಬಿಲ್ಡಿಂಗನ್ನು ಕೊನೆಯ ಉಸಿರಿನವರೆಗೆ ವಿರೋಧಿಸುವ ಗೊತ್ತುವಳಿ ಇನ್ನೂ ಜಾರಿಯಲ್ಲಿತ್ತು. ಜಾರಿಗೆ ತರುವವನು ನಾನೊಬ್ಬನೇ, ನನಗೋ ಆ ದೀಪಗಳು ಹತ್ತದಿದ್ದರೆ ಊಟ ಸೇರುತ್ತಿರಲಿಲ್ಲ.

ಬಾಗಿಲು ಬಡಿದವರು

ಹೀಗೆ ಕೆಲವು ವರ್ಷ ಕಳೆಯಿತು. ಎಂಬತ್ತರ ದಶಕ ಅರ್ಧ ದಾಟಿತ್ತು. ಒಂದು ಭಾನುವಾರ ಬೆಳಿಗ್ಗೆ ಯಾರೋ ನನ್ನ ಬಾಗಿಲು ಧಡಧಡನೆ ಬಡಿದರು. ತೆಗೆದರೆ ಎದುರಿಗೆ ಮುಖ ಕಾಣಲಿಲ್ಲ. ಬೆತ್ತದ ಕುರ್ಚಿಯ ನಾಲ್ಕು ಕಾಲು ಕಂಡವು. ಅದರ ಕೆಳಗೆ ಮಾಸ್ತರರು. ಹಿಂದೆ ಮೆಟ್ಟಿಲುದ್ದಕ್ಕೂ ಮಡಚುವ ಕುರ್ಚಿಗಳು, ಧಣಿಗಳ ಬೆಂಚು, ಎಲ್ಲರ ಕೊನೆಗೆ ಕಂಕುಳಲ್ಲಿ ಮಣೆ ಹಿಡಿದ ಕಾಕು.

“ಏನಾಯಿತು?” ಎಂದೆ.

“ಅನ್ಯಾಯ!” ಎಂದರು ಮಾಸ್ತರರು. “ನಮ್ಮ ಬಿಲ್ಡಿಂಗಿನ ಹಿಂದೆ ಹೊಸ ಬೋರ್ಡು ನಿಂತಿದೆ. ಏಳು ಮಾಳಿಗೆ! ಲಿಫ್ಟು!”

“ನನ್ನ ಗಚ್ಚಿಗೆ ನೆರಳು ಬೀಳುತ್ತದೆ” ಎಂದರು ಕಾಕು.

“ಅಲ್ಲಿ ಮೀಟಿಂಗ್ ಮಾಡುವ ಅಂದ್ರೆ ಒಬ್ಬರ ಮನೆಯಲ್ಲೂ ಕಾಲಿಡ್ಲಿಕ್ಕೆ ಜಾಗ ಇಲ್ಲ ಮಾರಾಯ್ರೇ” ಎಂದು ಧಣಿಗಳು ಬೆಂಚನ್ನು ಆಗಲೇ ಒಳಗೆ ಎಳೆಯುತ್ತಿದ್ದರು. ಬೆಂಚಿನ ಕಾಲು ಸರಿಯಾಗಿ ಹಳೆಯ ಗೀರಿನ ಮೇಲೇ ಹೋಗಿ ನಿಂತಿತು. “ಮತ್ತೆ ನಿಮಗೆ ಅನುಭವ ಉಂಟು. ಊರಿನಲ್ಲಿ ಇಷ್ಟು ವರ್ಷದಿಂದ ವಿರೋಧ ಬಿಡದೆ ಕೂತವರು ನೀವೊಬ್ಬರೇ!”

ಎಲ್ಲರೂ ಕೂತರು. ಎಲ್ಲರೂ ಒಟ್ಟಿಗೆ ಮಾತಾಡಿದರು. ನಾನು ಸ್ಟೋವಿಗೆ ಗಾಳಿ ಹೊಡೆದು ದೊಡ್ಡ ಪಾತ್ರೆಯಲ್ಲಿ ಚಹಾ ಇಟ್ಟೆ. ಸಕ್ಕರೆ ಎರಡು ಸಲ ಹಾಕಿದೆ.

“ಈ ಸಲ ಬಿಡಬಾರದು” ಎಂದರು ಅಧ್ಯಕ್ಷರು. “ಬೇಗ ಮುಗಿಸಿಬಿಡಬೇಕು. ಕಾರ್ಯದರ್ಶಿಗಳೇ, ಮೊದಲು ಏನು ಮಾಡೋಣ, ಹೇಳಿ.”

ಅಷ್ಟು ಜನರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು, ಆದಷ್ಟು ಗಂಭೀರವಾಗಿ ಹೇಳಿದೆ:

“ಮೊದಲು ನಗರಪಾಲಿಕೆಗೆ ಒಂದು ಭರ್ಜರಿ ಮೋರ್ಚಾ ಒಯ್ಯೋಣ. ಎಲ್ಲರಿಗೂ ಅನುಕೂಲವಾಗಬೇಕಲ್ಲ. ಭಾನುವಾರವೇ ಹೋಗೋಣ.”

ಸರ್ವಾನುಮತದಿಂದ ಪಾಸಾಯಿತು.